ನಲವತ್ತೊಂದನೆಯ ಸಾಲು

ಮೊನ್ನೆ ಪಕ್ಕದ ಮನೆಯ ಹುಡುಗಿ ಕಾಲೇಜಿನ ಮಾಹಿತಿ ಪುಸ್ತಿಕೆಯೊಂದನ್ನು ಹಿಡಿದುಕೊಂಡು ಬಂದಳು. ಹೊಳಪು ಕಾಗದದ ಮೇಲಿನ ಹೊಸ ಶಾಯಿಗೆ ಒಂದು ವಾಸನೆಯಿರುತ್ತದಲ್ಲ, ಅರ್ಧ ಸೀಮೆಎಣ್ಣೆ, ಅರ್ಧ ಹೊಸ ಚಪ್ಪಲಿ, ಅದು ಅವಳಿಗಿಂತ ಮೊದಲೇ ಒಳಗೆ ಬಂತು. ಪಿಯುಸಿ ಮುಗಿಸಿದ್ದಾಳೆ, ಆಸ್ಪತ್ರೆ ಆಡಳಿತದಲ್ಲಿ ಬಿಬಿಎ ಮಾಡುವ ಆಸೆಯಂತೆ. “ಅಕ್ಕ, ನೀವು ಇದನ್ನೇ ಓದಿದ್ದಲ್ವಾ? ಡಿಗ್ರಿ ಸಿಗ್ಲಿಕ್ಕೆ ಎಂತೆಲ್ಲ ಬೇಕು?” ಎಂದು ಕೇಳಿದಳು.

ನಾನು ಹಿರಿಯಳಂತೆ ಕನ್ನಡಕ ಸರಿಮಾಡಿಕೊಂಡು ಶುರುಮಾಡಿದೆ. ಆರು ಸೆಮಿಸ್ಟರ್. ಅಕೌಂಟೆನ್ಸಿ, ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರ, ಆಸ್ಪತ್ರೆಗೆ ಸಂಬಂಧಿಸಿದ ಕಾನೂನು, ವೈದ್ಯಕೀಯ ಪದಗಳು. ನೂರಕ್ಕೆ ಎಪ್ಪತ್ತೈದು ಹಾಜರಿ. ಕೊನೆಯ ಸೆಮಿಸ್ಟರಿನಲ್ಲಿ ಇಂಟರ್ನ್‌ಶಿಪ್, ಅದರ ಮೇಲೊಂದು ಪ್ರಾಜೆಕ್ಟ್ ವರದಿ, ವರದಿಯ ಮೇಲೆ ಮೌಖಿಕ ಪರೀಕ್ಷೆ. ಇಷ್ಟು ಹೇಳುವಷ್ಟರಲ್ಲಿ ಕನ್ನಡಕ ತೆಗೆದು ಕಣ್ಣು ಮೂಗು ಒರೆಸಿಕೊಳ್ಳಬೇಕಾಯಿತು. ಹುಡುಗಿ ಪಾಪ, ನನಗೆ ಶೀತವಾಗಿದೆ ಎಂದುಕೊಂಡು ಎದ್ದುಹೋದಳು.

ಆ ಕೋರ್ಸಿಗೆ ನಾನು ಸೇರಿದ್ದು ಯಾವ ಘನ ಉದ್ದೇಶದಿಂದಲೂ ಅಲ್ಲ. ಆಡಳಿತವೆಂದರೆ ತಣ್ಣಗಿನ ಕೋಣೆ, ತಿರುಗುವ ಕುರ್ಚಿ, ಮೇಜಿನ ಮೇಲೊಂದು ಗಂಟೆ ಎಂದು ನಂಬಿದ್ದೆ. ಅಪ್ಪನ ನಂಬಿಕೆ ಇನ್ನೂ ದೊಡ್ಡದು. ಕಾಪುವಿನ ನಮ್ಮ ಬೀದಿಯಲ್ಲೂ ಎಲ್ಲೂರಿನ ನೆಂಟರ ಮನೆಗಳಲ್ಲೂ, “ಡಾಕ್ಟರ್ ಆಗದಿದ್ದರೆ ಎಂತಾಯ್ತು ಮಾರಾಯ? ಡಾಕ್ಟರುಗಳಿಗೆ ರಜೆ ಕೊಡುವವಳಾಗ್ತಾಳೆ” ಎಂದು ಹೇಳಿಕೊಂಡು ಬಂದಿದ್ದರು. ಅದನ್ನು ನಿಜವೆಂದು ತಿಳಿದು, ಆಸ್ಪತ್ರೆಯಲ್ಲಿ ಯಾರಿಗಾದರೂ ಬೇಗ ಅಪಾಯಿಂಟ್‌ಮೆಂಟ್ ಬೇಕಾದರೆ ಮೊದಲ ವರ್ಷದ ವಿದ್ಯಾರ್ಥಿನಿಯಾದ ನನಗೇ ಫೋನು ಬರುತ್ತಿತ್ತು. ನನಗೋ, ಕಾಲೇಜಿನ ಲಿಫ್ಟಿನವನು ಕೂಡ ಹೆದರುತ್ತಿರಲಿಲ್ಲ.

ತರಗತಿಯಲ್ಲಿ ಹೆಚ್ಚಿನವರು ಕಾಮರ್ಸ್ ಓದಿ ಬಂದವರು. ಗುಲ್ಮವೆಂಬ ಅಂಗ ಹೊಟ್ಟೆಯ ಎಡಕ್ಕೋ ಬಲಕ್ಕೋ ಎಂಬುದೇ ನಮಗೆ ಗೊತ್ತಿರಲಿಲ್ಲ. ವೈದ್ಯಕೀಯ ಪದಗಳ ಪತ್ರಿಕೆಯನ್ನು ಶಾಲೆಯ ಮಗ್ಗಿಯಂತೆ ಉರುಹೊಡೆದೆವು. ನನ್ನನ್ನು ಕೂರಿಸಿ ಉರುಹೊಡೆಸಿದವಳು ರೇಣುಕಾ. ಅವಳು ಒಂದು ಪದ ಹೇಳುವುದು, ನಾನು ಲಕ್ಷಣ ಹೇಳುವುದು. ಹೃದಯಾಘಾತದ ಲಕ್ಷಣಗಳ ಪ್ರಶ್ನೆಗೆ ನನಗೆ ಹತ್ತಕ್ಕೆ ಹತ್ತು ಬಂದಿತ್ತು: ಎದೆಯ ಬಿಗಿತ, ಬೆವರು, ಎಡಗೈಗೆ ಇಳಿಯುವ ನೋವು.

ರೇಣುಕಾಳ ಅಪ್ಪ ಅಮ್ಮ ಗದಗದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಮಣಿಪಾಲಕ್ಕೆ ಬಂದವರು. ಅಪ್ಪ ಬೇಗ ತೀರಿಕೊಂಡರು. ಅಮ್ಮ ಶಾಂತವ್ವ, ತಾನೇ ಇಟ್ಟಿಗೆ ಹೊತ್ತಿದ್ದ ಅಪಾರ್ಟ್‌ಮೆಂಟೊಂದರಲ್ಲಿ ಮೆಟ್ಟಿಲು ಒರೆಸುವ ಕೆಲಸಕ್ಕೆ ಸೇರಿ ಮಗಳನ್ನು ಓದಿಸಿದರು. ನಾನು ಅವರನ್ನು ನೋಡಿರಲಿಲ್ಲ. ಆದರೆ ಅವರ ಕೈಯ ಜೋಳದ ರೊಟ್ಟಿ, ಶೇಂಗಾ ಚಟ್ನಿ ಮೂರು ವರ್ಷ ತಿಂದಿದ್ದೇನೆ. ಕುಚ್ಚಲಕ್ಕಿಯಲ್ಲೇ ಬೆಳೆದ ನನಗೆ ಮೊದಲ ದಿನ ಆ ರೊಟ್ಟಿ ಹಪ್ಪಳದ ದೊಡ್ಡಣ್ಣನಂತೆ ಕಂಡಿತು. ಆಮೇಲೆ ರೇಣುಕಾಳ ಡಬ್ಬಿಯಲ್ಲಿ ದಿನಾ ಎರಡು ರೊಟ್ಟಿ ಹೆಚ್ಚಿಗೆ ಬರತೊಡಗಿದವು. “ಅಮ್ಮ ಕೇಳ್ತಾರೆ, ನಿನ್ನ ಕಾಪುವಿನ ಗೆಳತಿಗೆ ಸಾಕಾಯ್ತಾ ಅಂತ” ಎನ್ನುತ್ತಿದ್ದಳು.

ಇಂಟರ್ನ್‌ಶಿಪ್‌ಗೆ ನಮ್ಮಿಬ್ಬರನ್ನೂ ಒಂದೇ ಆಸ್ಪತ್ರೆಗೆ ಹಾಕಿದರು. ಅದರ ಹೆಸರು ಬೇಡ. ಒಳ್ಳೆಯ ಆಸ್ಪತ್ರೆಯೇ, ಮತ್ತು ತಪ್ಪು ಅದರದ್ದೆಂದು ಹೇಳಲು ನಾನು ಕೂತದ್ದಲ್ಲ. ನಮ್ಮ ಪ್ರಾಜೆಕ್ಟಿನ ವಿಷಯ, ಹೊರರೋಗಿಗಳು ವೈದ್ಯರಿಗಾಗಿ ಕಾಯುವ ಸಮಯ. ರೋಗಿ ಟೋಕನ್ ತೆಗೆದುಕೊಂಡ ಗಳಿಗೆ, ವೈದ್ಯರ ಕೋಣೆಗೆ ಹೋದ ಗಳಿಗೆ, ಎರಡನ್ನೂ ಬರೆಯಬೇಕು. ಪಟ್ಟಿಯ ಕೊನೆಯಲ್ಲಿ ಷರಾ ಎಂದೊಂದು ಕಲಂ. ನಮಗೆ ಮಾರ್ಗದರ್ಶನ ಮಾಡುತ್ತಿದ್ದ ಮೇಡಂ ಮೊದಲ ದಿನವೇ, “ನೀವು ನೋಡುವವರು ಮಾತ್ರ. ಮಧ್ಯದಲ್ಲಿ ಕೈ ಹಾಕಿದರೆ ಅಧ್ಯಯನ ಕೆಡ್ತದೆ” ಎಂದಿದ್ದರು. ಆ ಮಾತು ನನಗೆ ಬಹಳ ಹಿಡಿಸಿತು. ಕೈ ಹಾಕದೆ ಕೂತಿರುವುದು ನನಗೆ ಹುಟ್ಟಿನಿಂದಲೇ ಬಂದ ವಿದ್ಯೆ.

ಆ ಸೋಮವಾರ ರೇಣುಕಾ ಎರಡನೇ ಮಹಡಿಯ ದಾಖಲೆ ಕೋಣೆಯಲ್ಲಿದ್ದಳು. ನಾನು ಕೆಳಗೆ, ಹಾಲ್‌ನ ಕಂಬದ ಪಕ್ಕ ಹಲಗೆಗೆ ಕಾಗದ ಸಿಕ್ಕಿಸಿಕೊಂಡು ಕೂತಿದ್ದೆ. ಕಾಲಿಡಲು ಜಾಗವಿರಲಿಲ್ಲ. ನಲವತ್ತೊಂದನೆಯ ಟೋಕನ್ನಿನ ಹೆಂಗಸು ಇಳಕಲ್ ಸೀರೆಯ ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ ಕೂತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಎದ್ದು ನನ್ನ ಬಳಿ ಬಂದರು.

“ಯವ್ವಾ, ನನ್ನ ನಂಬರ್ ಯಾವಾಗ ಬರತೈತಿ? ಎಡಗೈ ಭಾಳ ಜಗ್ಗಾಕತ್ತೈತಿ.”

“ಸಾಲಿನ ಪ್ರಕಾರ ಕರೀತಾರೆ ಅಮ್ಮ. ಸ್ವಲ್ಪ ಕೂತ್ಕೊಳ್ಳಿ.”

“ಕುಂದರತೀನಿ. ನನ್ನ ಮಗಳೂ ಇದ ದವಾಖಾನ್ಯಾಗ ಅದಾಳ. ಆಕಿಗ್ಯಾಕ ತ್ರಾಸ ಅಂತ ಹೇಳಿಲ್ಲ” ಎಂದು ನಕ್ಕರು.

ಯಾರೋ ಆಯಾಳ ತಾಯಿ ಇರಬೇಕು ಎಂದುಕೊಂಡೆ. ಹೆಸರು ಕೇಳಲಿಲ್ಲ. ಎಡಗೈ ಎಂಬ ಮಾತು ನನ್ನ ಕಿವಿಗೆ ಬಿದ್ದಿತ್ತು, ಖಂಡಿತ ಬಿದ್ದಿತ್ತು. ಪರೀಕ್ಷೆಯಲ್ಲಾಗಿದ್ದರೆ ಉತ್ತರ ಬರೆಯುತ್ತಿದ್ದೆ. ತುರ್ತು ಚಿಕಿತ್ಸೆಯ ಬಾಗಿಲು ಅಲ್ಲಿಂದ ಮೂವತ್ತು ಹೆಜ್ಜೆ. ಆಮೇಲೆ ಎಷ್ಟೋ ಸಲ ಎಣಿಸಿ ನೋಡಿದ್ದೇನೆ.

ಅವರು ಹಾಲ್‌ಗೆ ಬಂದು ಒಂದು ಗಂಟೆ ಐವತ್ತು ನಿಮಿಷವಾಗಿತ್ತು. ಕುರ್ಚಿಯಿಂದ ಸದ್ದಿಲ್ಲದೆ ಜಾರಿದರು. ಪಕ್ಕದವರು ಕೂಗಿದರು, ನರ್ಸುಗಳು ಓಡಿಬಂದರು, ಸ್ಟ್ರೆಚರ್ ಬಂತು. ನಾನು ಏನು ಮಾಡಿದೆ ಕೇಳಿ. ಗಡಿಯಾರ ನೋಡಿ, ವೈದ್ಯರ ಕೋಣೆಗೆ ಹೋದ ಗಳಿಗೆಯ ಕಲಮಿನಲ್ಲಿ ಸಮಯ ಬರೆದೆ. ಕೈ ತಾನಾಗಿಯೇ ಬರೆಯಿತು. ಅಷ್ಟರಲ್ಲಿ ರೇಣುಕಾ ಎದೆಗೆ ಫೈಲುಗಳನ್ನು ಒತ್ತಿಕೊಂಡು ಮೆಟ್ಟಿಲಿಳಿದು ಬರುತ್ತಿದ್ದಳು. ಹೋಗುತ್ತಿದ್ದ ಸ್ಟ್ರೆಚರಿನಿಂದ ಇಳಿಬಿದ್ದಿದ್ದ ಸೆರಗನ್ನು ನೋಡಿದಳು. ಮೂರು ವರ್ಷದಲ್ಲಿ ಒಮ್ಮೆಯೂ ನನ್ನೆದುರು ಆಡದ ಮಾತಿನಲ್ಲಿ, “ಯವ್ವಾ!” ಎಂದು ಕಿರುಚಿದಳು.

ಶಾಂತವ್ವ ಎರಡು ದಿನ ಐಸಿಯುವಿನಲ್ಲಿದ್ದರು. ಮೂರನೆಯ ದಿನ ಬೆಳಿಗ್ಗೆ ಹೋದರು.

ರೇಣುಕಾ ಅಮ್ಮನನ್ನು ಊರಿಗೆ ಒಯ್ದು ಮಣ್ಣುಮಾಡಿ, ಹದಿನೈದು ದಿನ ಬಿಟ್ಟು ಒಬ್ಬಳೇ ಮರಳಿ ಬಂದಳು. ಬರಲೇಬೇಕಿತ್ತು. ಇಂಟರ್ನ್‌ಶಿಪ್‌ನ ದಿನಗಳು ಕಡಿಮೆ ಬಿದ್ದಿದ್ದವು. ನಿಯಮದಂತೆ ಅದೇ ಆಸ್ಪತ್ರೆಯಲ್ಲಿ ಅಷ್ಟು ದಿನ ಹೆಚ್ಚು ಕೂರಬೇಕಿತ್ತು. ಅದೇ ಹಾಲ್‌ನಲ್ಲಿ, ಅದೇ ಕಂಬದ ಪಕ್ಕ ಅವಳು ಕೂತಳು. ಎದುರಿನ ಕುರ್ಚಿಗಳಲ್ಲಿ ಬೇರೆಯವರ ಅಮ್ಮಂದಿರು ಕೂತಿದ್ದರು.

ವರದಿ ಬರೆಯುವಾಗ ನಾನು, “ನಲವತ್ತೊಂದನೆಯ ಸಾಲು ತೆಗೆಯುವ ರೇಣು” ಎಂದೆ. ಅವಳ ನೋವಿಗಾಗಿ ಹೇಳಿದೆನೋ ನನ್ನ ಭಯಕ್ಕಾಗಿ ಹೇಳಿದೆನೋ, ಈಗ ನಿಮ್ಮ ಹತ್ತಿರ ಮುಚ್ಚಿಟ್ಟು ಏನು ಪ್ರಯೋಜನ? “ಬೇಡ, ಇರಲಿ” ಎಂದಳು. ಆ ಸಾಲಿನ ಖಾಲಿ ಷರಾ ಕಲಮಿನ ಮೇಲೆ ಬೆರಳಿಟ್ಟು ಕೇಳಿದಳು: “ನೀನು ಅಲ್ಲೇ ಇದ್ದೆಯಲ್ಲ, ಅಮ್ಮ ಎಂತಾದ್ರೂ ಹೇಳಿದ್ರಾ?”

“ಇಲ್ಲ. ತುಂಬ ರಶ್ ಇತ್ತು. ನಾನು ಸರಿಯಾಗಿ ನೋಡ್ಲಿಲ್ಲ” ಎಂದೆ.

ಅವಳು ನನ್ನ ಮುಖವನ್ನು ಒಂದು ಕ್ಷಣ ನೋಡಿ ಪುಟ ಮಗುಚಿದಳು.

ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದ ಪ್ರಾಧ್ಯಾಪಕರು ಸಾಧು ಮನುಷ್ಯರು. ಕೋಷ್ಟಕ ನೋಡುತ್ತ, “ಈ ಒಂದು ಸಂಖ್ಯೆ ಉಳಿದವಕ್ಕಿಂತ ಬಹಳ ದೂರ ಉಂಟಲ್ಲ? ಇದನ್ನು ಬಿಟ್ಟಿದ್ದರೆ ಸರಾಸರಿ ಚೆನ್ನಾಗಿ ಬರ್ತಿತ್ತು” ಎಂದರು.

“ಅದು ನನ್ನ ಅಮ್ಮ, ಸರ್” ಎಂದಳು ರೇಣುಕಾ.

ಅವರು ವರದಿ ಮುಚ್ಚಿ ಸಹಿ ಹಾಕಿದರು. ನಮ್ಮಿಬ್ಬರಿಗೂ ಡಿಸ್ಟಿಂಕ್ಷನ್ ಬಂತು. ಅಪ್ಪ ಬೀದಿಗೆಲ್ಲ ಲಾಡು ಹಂಚಿದರು. ನಾನೊಂದು ತಿಂದೆ ಕೂಡ.

ಆಮೇಲೆ ನಾನು ಉಡುಪಿಯಲ್ಲಿ ಕೆಲಸಕ್ಕೆ ಸೇರಿದೆ. ತಿರುಗುವ ಕುರ್ಚಿಯೂ ಸಿಕ್ಕಿತು. ರೇಣುಕಾ ಕಾರ್ಕಳದ ಒಂದು ಸಣ್ಣ ಆಸ್ಪತ್ರೆಗೆ ಹೋದಳು. ಹಬ್ಬಕ್ಕೊಂದು ಸಂದೇಶ, ಅದಕ್ಕೊಂದು ಹೂವಿನ ಚಿತ್ರ. ಹನ್ನೆರಡು ವರ್ಷ ಹೀಗೇ ಕಳೆಯಿತು. ಉಡುಪಿಯಿಂದ ಕಾರ್ಕಳಕ್ಕೆ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ದಾರಿ ದೂರವೆಂದು ಹೋಗದೆ ಇದ್ದದ್ದಲ್ಲ.

ಆ ಹುಡುಗಿ ಬಂದುಹೋದ ಮೇಲಿನ ಶನಿವಾರ ರಜೆ ಹಾಕಿ ಬಸ್ಸು ಹತ್ತಿದೆ. ರೇಣುಕಾ ಆಸ್ಪತ್ರೆಯ ಆಡಳಿತದ ಕೋಣೆಯೊಳಗೆ ಇರಲಿಲ್ಲ. ಮ್ಯಾನೇಜರ್ ಎಂಬ ಹೆಸರಿದ್ದರೂ ಅವಳ ಮೇಜು ಹೊರರೋಗಿಗಳ ಹಾಲ್‌ನ ನಡುವೆ ಇತ್ತು. ನನ್ನನ್ನು ಕಂಡು ಎದ್ದಳು. ಕಿವಿಯ ಬಳಿ ಕೂದಲು ನರೆತಿತ್ತು. ಮಧ್ಯಾಹ್ನ ಜನ ಕಡಿಮೆಯಾದ ಮೇಲೆ ಕಟ್ಟಡದ ಹಿಂದಿನ ಕಲ್ಲುಬೆಂಚಿಗೆ ಕರೆದುಕೊಂಡು ಹೋಗಿ ಚಹಾ ತರಿಸಿದಳು. ಚಹಾ ಆರುವವರೆಗೂ ಹವೆ, ಬಸ್ಸು ಎಂದೆಲ್ಲ ಮಾತಾಡಿದೆ. ಕೊನೆಗೆ ಹೇಳಿದೆ. ಎಡಗೈ ಎಂದದ್ದು, ನಾನು ಕೂತ್ಕೊಳ್ಳಿ ಎಂದದ್ದು, ಅವರು ನಕ್ಕದ್ದು, ಆಮೇಲೆ ನಾನು ಹೇಳಿದ ಸುಳ್ಳು. ಒಂದನ್ನೂ ಬಿಡಲಿಲ್ಲ.

ರೇಣುಕಾ ಲೋಟವನ್ನು ಬೆಂಚಿನ ಮೇಲಿಟ್ಟಳು.

“ಗೊತ್ತುಂಟು” ಎಂದಳು. “ಐಸಿಯುನಲ್ಲಿ ಅಮ್ಮನೇ ಹೇಳಿದ್ರು. ಕಂಬದ ಹತ್ರ ಒಂದು ಹುಡುಗಿ ಬರ್ಕೊಂಡು ಕೂತಿತ್ತು, ಕೂತ್ಕೊಳ್ಳಿ ಅಂತು, ಅಂತ.”

“ಮತ್ತೆ ನನ್ನ ಹತ್ರ ಯಾಕೆ ಕೇಳಿದ್ದು?”

ಅವಳು ಲೋಟದಲ್ಲಿ ಉಳಿದಿದ್ದ ಚಹಾವನ್ನು ಗಿಡದ ಬುಡಕ್ಕೆ ಚೆಲ್ಲಿದಳು.

“ನೀನು ಹೇಳಿದ್ರೆ, ನಿನ್ನ ಜೊತೆ ಕೂತು ಅಳಬಹುದು ಅಂತ. ನನಗೆ ಆ ಊರಲ್ಲಿ ಬೇರೆ ಯಾರಿದ್ರು ಹೇಳು?”

ಕ್ಷಮೆ ಕೇಳಲು ಮನೆಯಿಂದಲೇ ಮಾತುಗಳನ್ನು ಸಿದ್ಧಮಾಡಿಕೊಂಡು ಹೋಗಿದ್ದೆ. ಅಳು ಮಾತ್ರ ಬಂತು. ರೇಣುಕಾ ಹತ್ತಿರ ಸರಿದು ನನ್ನ ಬೆನ್ನ ಮೇಲೆ ಕೈಯಿಟ್ಟುಕೊಂಡು ಕೂತಳು. ಆದರೆ ಅತ್ತದ್ದು ನಾನೊಬ್ಬಳೇ. ಅವಳ ಅಳು, ಯಾರೂ ಜೊತೆಗಿಲ್ಲದೆ, ಎಂದೋ ಮುಗಿದುಹೋಗಿತ್ತು.