ದಾರಿ ಗುಡಿಸುವ ಹಡಗು

ಇಂಥದ್ದನ್ನು ಬೇರೆಯವರು ಹೇಳಿದ್ದರೆ ನಾನೇ ನಂಬುತ್ತಿರಲಿಲ್ಲ. ಬಸದಿಗೆ ಹೋಗಿ ಕೈಮುಗಿದು ಬರುವವಳು ನಾನು. ಶಕುನ, ಕನಸುಗಳನ್ನು ತಲೆಗೆ ಹಚ್ಚಿಕೊಂಡವಳಲ್ಲ. ಆ ಬೆಳಿಗ್ಗೆ ಮೂಡುಬಿದಿರೆಯ ನಮ್ಮ ಮನೆಯಲ್ಲಿ ಬಾವಿಯ ನೀರನ್ನು ಬಟ್ಟೆಯಲ್ಲಿ ಸೋಸುತ್ತಿದ್ದೆ. ಫೋನು ಬಂತು. ನನ್ನ ಅಣ್ಣನ ಜೊತೆ ನೌಕಾಪಡೆಯಲ್ಲಿದ್ದ ಕಕ್ಕಿಂಜೆಯ ಹಮೀದ್, ಮುಂಬಯಿಯಿಂದ.

"ಅಕ್ಕಾ, ನಮ್ಮ ಹಡಗಿಗೆ ನಿವೃತ್ತಿ ಆಯ್ತು. ನಿನ್ನೆ ಸೂರ್ಯ ಮುಳುಗುವಾಗ ಬಾವುಟ ಇಳಿಸಿದ್ರು. ನಾನು ಅಲ್ಲೇ ಇದ್ದೆ. ಅಣ್ಣನಿಗೆ ಹೇಳಿ."

"ನಿನ್ನೆ ಸೂರ್ಯ ಮುಳುಗುವಾಗಲಾ?" ಎಂದು ಮತ್ತೆ ಕೇಳಿದೆ.

ಕಡಲಿನಡಿ ಹುದುಗಿಸಿಟ್ಟ ಬಾಂಬುಗಳನ್ನು ತೆಗೆಯುವ ಹಡಗು ಅದು. ಕಬ್ಬಿಣ ಹತ್ತಿರ ಬಂದರೆ ಸಿಡಿಯುತ್ತವೆಂದು ಅದರ ಮೈಯೆಲ್ಲ ಮರದ್ದು. ಅದು ಮುಂದೆ ಹೋಗಿ ನೀರು ಗುಡಿಸಬೇಕು, ದೊಡ್ಡ ಹಡಗುಗಳು ಹಿಂದಿನಿಂದ ಬರಬೇಕು. ಅಣ್ಣ ಸೈನ್ಯಕ್ಕೆ ಸೇರಿದಾಗ, ಹಿಂಸೆಯ ಕೆಲಸವೆಂದು ಬೆಳ್ತಂಗಡಿಯ ತವರಿನಲ್ಲಿ ಅಮ್ಮ ಅತ್ತಿದ್ದರು. ಹಡಗಿನ ವಿಷಯ ತಿಳಿದ ಮೇಲೆ ಸಮಾಧಾನವಾಯಿತು. ನಮ್ಮ ಮುನಿಗಳು ನವಿಲುಗರಿಯಿಂದ ಹುಳಹುಪ್ಪಟೆಯನ್ನು ಸರಿಸಿ ಕೂರುವುದಿಲ್ಲವೇ, ಹಾಗೆಯೇ ಎಂದರು.

"ಹಡಗು ಗುಡಿಸ್ತದೆ, ಸರಿ ಮಾರಾಯ. ನೀನು ಒಂದು ದಿನ ಈ ಅಂಗಳ ಗುಡಿಸಿದ್ದುಂಟಾ?" ಎಂದು ಅವನು ರಜೆಗೆ ಬಂದಾಗಲೆಲ್ಲ ಅಮ್ಮ ಕೆಣಕುತ್ತಿದ್ದರು. ಅಷ್ಟು ವರ್ಷದ ಸೇವೆಯಲ್ಲಿ ಅಭ್ಯಾಸ ಬಿಟ್ಟರೆ ನಿಜವಾದ ಬಾಂಬು ಒಂದೂ ಸಿಗಲಿಲ್ಲವಂತೆ. ಅದನ್ನೂ ಅಮ್ಮ ಪುಣ್ಯವೆಂದೇ ತಿಳಿದರು.

ಅಮ್ಮ ಹೋದ ಮೇಲೆ, ನೌಕರಿ ಮುಗಿಸಿ ಬಂದ ಅಣ್ಣನಿಗೆ ಬಿ.ಸಿ.ರೋಡಿನಲ್ಲಿ ಬಸ್ಸಿನಿಂದ ಇಳಿಯುವಾಗ ಪಾರ್ಶ್ವವಾಯು ಬಡಿಯಿತು. ಮಾತು ನಿಂತಿತು. ಮದುವೆಯಾದವನಲ್ಲ, ನಮ್ಮ ಮನೆಗೇ ಕರೆತಂದೆವು. ಒಮ್ಮೆಯಾದರೂ ಬಾಯಿ ತೆರೆದು ನನ್ನನ್ನು ಕರೆಯಲಿ ಎಂದು ದಿನವೂ ಬೇಡುತ್ತಿದ್ದೆ.

ನಮ್ಮಲ್ಲಿ ಹೊತ್ತು ಮುಳುಗುವ ಮೊದಲೇ ಊಟ. ಫೋನು ಬರುವ ಹಿಂದಿನ ಸಂಜೆ ಅವನಿಗೆ ಗಂಜಿ ಕುಡಿಸುತ್ತಿದ್ದೆ. ಅವನು ಚಮಚ ಸರಿಸಿ, ಸ್ಪಷ್ಟವಾಗಿ ಹೇಳಿದ: "ಬಾವುಟ ಇಳಿಸ್ತಾ ಇದ್ದಾರೆ. ಎದ್ದು ನಿಲ್ಲು."

ಬಟ್ಟಲು ಹಿಡಿದುಕೊಂಡೇ ಎದ್ದು ನಿಂತೆ. ಅವನ ಕೆನ್ನೆ ಒದ್ದೆಯಾಗಿತ್ತು. ಕಿಟಕಿಯ ಬಿಸಿಲು ಹೋಯಿತು. ಮತ್ತೆ ಗಂಜಿಗೂ ಬಾಯಿ ತೆರೆಯಲಿಲ್ಲ, ಮಾತಿಗೂ.

"ಅವನಿಗೆ ಯಾರು ಹೇಳಿದ್ರು?" ಎಂದು ಹಮೀದನನ್ನು ಕೇಳಿದೆ.

"ಯಾರೂ ಇಲ್ಲ ಅಕ್ಕಾ. ಸಂಕಟ ಆಗ್ತದೆ ಅಂತ ನಾನೇ ಮೊದಲು ತಿಳಿಸಿರ್ಲಿಲ್ಲ."

ರಿಸೀವರನ್ನು ಅಣ್ಣನ ಕಿವಿಗೆ ಹಿಡಿದೆ. ಹಮೀದ್ ಏನೇನೋ ಹೇಳುತ್ತಿದ್ದ. ಅಣ್ಣ ಗೋಡೆ ನೋಡುತ್ತಿದ್ದ. ವಾರದೊಳಗೆ ತೀರಿಕೊಂಡ.

ಕೊನೆಯ ಮಾತೂ ಹಡಗಿನದ್ದೇ ಆಯಿತಲ್ಲ ಎಂದು ಅತ್ತದ್ದುಂಟು. ಆದರೆ ನಿಲ್ಲು ಎಂದದ್ದು ನನಗೆ. ಅಷ್ಟಾದರೂ ದೇವರು ಕೊಟ್ಟ. ಅವನಿಗೆ ಹೇಗೆ ತಿಳಿಯಿತೋ, ಇವತ್ತಿಗೂ ನನಗೆ ಗೊತ್ತಿಲ್ಲ.

ಆ ಬೆಳಿಗ್ಗೆ ಫೋನಿಟ್ಟು ಬರುವಾಗ ಸೋಸಿದ ಬಟ್ಟೆಯ ಅಂಚು ಒಣಗತೊಡಗಿತ್ತು. ಅದರಲ್ಲಿ ಉಳಿದ ನೀರಿನ ಸಣ್ಣ ಜೀವಗಳು ಸಾಯಬಾರದು. ಬಟ್ಟೆಯನ್ನು ನೀರಿನಲ್ಲಿ ಜಾಲಾಡಿ, ಆ ನೀರನ್ನು ಕೊಡಪಾನದಲ್ಲಿ ಮೆಲ್ಲಗೆ ಬಾವಿಗೆ ಇಳಿಸಿದೆ.