ಜಿರ್ಕೋನಿಯಂ ಮುಂದೆ ಕರ್ಪೂರ

ತುಮಕೂರು ರಸ್ತೆಯಲ್ಲಿ ಮೆಟ್ರೊ ಕಂಬಗಳು ಏಳುತ್ತಿದ್ದ ಕಾಲ. ನಮ್ಮ ಮನೆಯವರು ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಮಾಲು ಪರೀಕ್ಷೆಯ ಕೆಲಸದಲ್ಲಿದ್ದರು. ಅಣು ವಿದ್ಯುತ್ ಸ್ಥಾವರದ ಇಂಧನ ಕೊಳವೆಗಳ ತುದಿಗೆ ಬೆಸೆಯುವ ಮುಚ್ಚಳಗಳನ್ನು ಅಲ್ಲಿ ಜಿರ್ಕೋನಿಯಂ ಎಂಬ ಲೋಹದಲ್ಲಿ ಮಾಡುತ್ತಿದ್ದರು. ಉಗುರಿನಷ್ಟು ವಸ್ತು. ಅಳತೆ ಕೂದಲೆಳೆಯ ಒಂದು ಸಣ್ಣ ಪಾಲು ಆಚೀಚೆಯಾದರೂ ತಿರಸ್ಕರಿಸಿದ ಮಾಲಿನ ಕೆಂಪು ಡಬ್ಬಕ್ಕೆ ಹೋಗಬೇಕು. ಕೊಳೆ ಇರಕೂಡದು, ಬರಿಗೈ ತಾಗಕೂಡದು. ಬೆಸುಗೆ ಸರಿಯಾಗಿ ಕೂಡದಿದ್ದರೆ ಒಳಗಿನ ಯುರೇನಿಯಂ ಬಿಲ್ಲೆಗಳ ವಿಷ ಸುತ್ತಲಿನ ನೀರಿಗೆ ಇಳಿಯುತ್ತದಂತೆ. ನಮ್ಮ ಮನೆಯವರ ಸೀಲು ಬೀಳದೆ ಮಾಲು ಹೊರಗೆ ಹೋಗುತ್ತಿರಲಿಲ್ಲ. ಇದನ್ನೆಲ್ಲ ಅವರಿಗೆ ಕಲಿಸಿದವರು ಕಾರ್ಖಾನೆಯ ಯಜಮಾನರೇ. ಗೊತ್ತಿಲ್ಲದವರಲ್ಲ ಅವರು, ಅದಕ್ಕೇ ನನಗೆ ಇವತ್ತಿಗೂ ಸಿಟ್ಟು.

ಆ ವರ್ಷದ ಆಯುಧಪೂಜೆಗೆ ಮನೆಮಂದಿಯನ್ನೂ ಕರೆದಿದ್ದರು. ಪೂಜೆಯ ಯಜಮಾನಿಕೆ ಯಜಮಾನರ ಅಕ್ಕನದು. ಬಂದವಳೇ ಪರೀಕ್ಷೆ ಮುಗಿದ ಮುಚ್ಚಳಗಳ ತಟ್ಟೆಯನ್ನು ತರಿಸಿ ಲೇತಿನ ಪಕ್ಕ ಇಡಿಸಿದಳು. ಮಾಡಿದ ಮಾಲಿಗೂ ಪೂಜೆಯಾಗಲಿ ಎಂದು ಕುಂಕುಮ ಎರಚಿದಳು. ಕರ್ಪೂರದ ಆರತಿ ಎತ್ತುವಾಗ ನಮ್ಮ ಮನೆಯವರು ಅಡ್ಡ ಬಂದರು.

"ಅಮ್ಮಾ, ಒಳಗೆ ಕರ್ಪೂರ ಬೇಡ. ಲೇತ್ ಕೆಳಗಿನ ಟ್ರೇಲಿ ಲೋಹದ ಚೂರು ಹಾಗೇ ಇದೆ, ತೆಗೆಯೋಕೂ ಬಿಡ್ಲಿಲ್ಲ. ಹತ್ಕೊಳ್ಳತ್ತೆ."

"ಕಬ್ಬಿಣ ಹತ್ಕೊಳ್ಳತ್ತೇನ್ರೀ?" ಎಂದು ನಕ್ಕು ನನ್ನ ಕಡೆ ತಿರುಗಿದಳು. "ಏನಮ್ಮಾ, ಹಣೆ ತುಂಬ ವಿಭೂತಿ ಇಟ್ಟಿದೀಯ. ನಿನ್ ಗಂಡ ದೇವ್ರಿಗೆ ಕರ್ಪೂರ ಬೇಡ ಅಂತಾನಲ್ಲ?"

"ದೇವ್ರು ಬೇಡ ಅಂದಿಲ್ಲ ಅವ್ರು. ಬಾಗಿಲಾಚೆ ಬೆಳಗಿ ಅಂದ್ರು," ಎಂದೆ.

ಯಜಮಾನರು ಅಲ್ಲೇ ಕೈಮುಗಿದು ನಿಂತಿದ್ದರು. ಅಕ್ಕ ಆರತಿ ಎತ್ತಿಯೇ ಬಿಟ್ಟಳು.

ಉರಿಯುವ ಕರ್ಪೂರದ ಬಿಲ್ಲೆಯೊಂದು ಜಾರಿ ಲೇತಿನ ಟ್ರೇಗೆ ಬಿತ್ತು. ಕೂದಲಿನಂತಿದ್ದ ಚೂರುಗಳು ಒಮ್ಮೆಗೇ ಬೆಳ್ಳಗೆ ಉರಿದವು, ಕಣ್ಣು ಕುಕ್ಕುವಂತೆ. ಯಾರೋ ಬಿಂದಿಗೆ ಎತ್ತಿದರು. "ನೀರು ಬೇಡ, ಇನ್ನೂ ಹೆಚ್ಚತ್ತೆ" ಎಂದು ಕೂಗಿ ನಮ್ಮ ಮನೆಯವರು ಒಣ ಮರಳು ಸುರಿದರು. ಆರಿತು. ಯಾರ ಮೈಯೂ ಸುಡಲಿಲ್ಲ, ಶಿವನ ದಯೆ. ಅಕ್ಕನ ರೇಷ್ಮೆ ಸೀರೆಯೂ ಉಳಿಯಿತು. ಅದು ಅವನ ಅತಿಯಾದ ದಯೆ.

ತಟ್ಟೆಯ ಮುಚ್ಚಳಗಳ ಮೇಲೆ ಮಾತ್ರ ಬಿಳಿ ಬೂದಿ, ಕುಂಕುಮ.

ಮರುದಿನ ಬೆಳಿಗ್ಗೆ ನಾನು ಲಿಂಗಪೂಜೆಗೆ ಕೂತಿದ್ದಾಗ ಯಜಮಾನರ ಕಾರು ರಾಜಗೋಪಾಲನಗರದ ನಮ್ಮ ಗಲ್ಲಿಗೆ ಬಂತು. ಪೂಜೆ ಮುಗಿಸಿಯೇ ಎದ್ದೆ. ಕಾಯಲಿ ಎಂದುಕೊಂಡೆ.

"ತೊಳೆಸಿದೀನಿ ಕಣ್ರೀ, ಪಳಪಳ ಅಂತಿದೆ. ಸೀಲ್ ಹಾಕ್ಬಿಡಿ. ಲೋಡು ಇವತ್ತೇ ಹೋಗ್ಬೇಕು."

"ಸಾರ್, ಬೆಂಕಿ ಪಕ್ಕ ಇದ್ದ ಮಾಲು ಅದು. ಕೆಂಪು ಡಬ್ಬಕ್ಕೆ ಅಂತ ಹೇಳಿಕೊಟ್ಟಿದ್ದು ನೀವೇ."

"ಹೇಳಿಕೊಟ್ಟಿದ್ದನ್ನ ನನಗೇ ತಿರುಗಿಸ್ತೀರಾ?" ಎಂದವರು ನನ್ನನ್ನು ನೋಡಿದರು. "ನೀವಾದ್ರೂ ಬುದ್ಧಿ ಹೇಳಿ ತಾಯಿ. ಸಂಸಾರ ನಡೆಸೋರು ನೀವು."

"ನಿಮ್ಮಕ್ಕನಿಗೆ ನೀವು ಹೇಳ್ಲಿಲ್ಲ. ನಮ್ಮನೆಯವ್ರಿಗೆ ನಾನ್ಯಾಕೆ ಹೇಳ್ಲಿ?"

ಅವರು ಎದ್ದರು. "ಹಂಗಾದ್ರೆ ಇವತ್ತಿಂದ ಬರೋದು ಬೇಡ."

ಕಾರು ಹೋದ ಮೇಲೆ ನಮ್ಮ ಮನೆಯವರ ಸಿಟ್ಟು ನನ್ನ ಮೇಲೆ ತಿರುಗಿತು. "ನಿನ್ನ ಯಾರು ಕೇಳಿದ್ರು? ನಾನು ಹೆಂಗೋ ಸುಧಾರಿಸ್ತಿದ್ದೆ." ಸುಧಾರಿಸುತ್ತಿದ್ದರೋ, ಸೀಲು ಒತ್ತುತ್ತಿದ್ದರೋ, ನಾನು ಕೇಳಲಿಲ್ಲ.

ದೀಪಾವಳಿಯ ಹೊತ್ತಿಗೆ ಅವರಿಗೆ ನೀರಿನ ಪಂಪಿನ ಬಿಡಿಭಾಗ ಮಾಡುವಲ್ಲಿ ಕೆಲಸ ಸಿಕ್ಕಿತು. "ಇಲ್ಲಿ ಕಣ್ಣು ಮುಚ್ಕೊಂಡು ಅಳೀಬಹುದು" ಎಂದು ಹೀಯಾಳಿಸುತ್ತ ಹೋಗುತ್ತಿದ್ದರು, ಆದರೂ ಹೋಗುತ್ತಿದ್ದರು. ಹಳೆಯ ಕಾರ್ಖಾನೆಯ ಲೇತಿನವರೊಬ್ಬರು ಸಿಕ್ಕಿ ಹೇಳಿದರು: ಬೇರೆ ಯಾರೂ ಸೀಲು ಹಾಕಲು ಒಪ್ಪದೆ, ಯಜಮಾನರು ಕೊನೆಗೆ ತಾವೇ ಆ ತಟ್ಟೆಯನ್ನು ಕೆಂಪು ಡಬ್ಬಕ್ಕೆ ಸುರಿದರಂತೆ.

ಇದನ್ನು ಆ ದಿನವೇ ಮಾಡಿದ್ದರೆ ಅವರ ಗಂಟೇನು ಹೋಗುತ್ತಿತ್ತು? ಕೆಟ್ಟ ಮಾಲು ಹೊರಗೆ ಹೋಗಲಿಲ್ಲವೆಂದು ಶಿವನಿಗೆ ಕೈಮುಗಿದೆ. ಆ ಮನುಷ್ಯನಿಗೆ ಇಂದಿಗೂ ಕೈಮುಗಿದಿಲ್ಲ.