ಕುದುರೆ ಚಿಕ್ಕಮಾದುವಿನ ಕಣ್ಣು

ತಗಡೂರಿನ ನನ್ನ ಗೊಬ್ಬರದಂಗಡಿ ಜಗಲಿಯಲ್ಲಿ ನಾಲ್ಕು ಜನ ರೇಸ್ ಪುಸ್ತಕ ಬಿಚ್ಚಿಕೊಂಡು ಕೂತಿದ್ದಾರೆ ಅಂದರೆ ಚಿಕ್ಕಮಾದು ಬರುವ ಹೊತ್ತಾಯಿತು ಎಂದೇ ಅರ್ಥ. ಮೈಸೂರು ರೇಸ್ ಕೋರ್ಸಿನ ಲಾಯದಲ್ಲಿ ಇಪ್ಪತ್ತೆಂಟು ವರ್ಷ ಕುದುರೆ ಸಾಕಿದವರು. ರಿಟೈರ್ ಆಗಿದ್ದರೂ ಓಟವಿದ್ದ ದಿನ ಬಸ್ ಹತ್ತದೆ ಇರುವವರಲ್ಲ. ಪುಸ್ತಕವನ್ನು ಮಾತ್ರ ಕೈಯಲ್ಲೂ ಮುಟ್ಟುವುದಿಲ್ಲ.

"ಅದ್ರೊಳ್ಗಿರದು ಓದ್ ತಿಂಗ್ಳ ಕುದ್ರೆ ಕಣ್ರಪ್ಪಾ. ನಂಗೆ ಇವತ್ತಿನ್ ಕುದ್ರೆ ತೋರ್ಸಿ" ಅನ್ನುತ್ತಾರೆ.

ಇವತ್ತಿನ ಕುದುರೆ ನೋಡಲು ಅವರು ಓಟಕ್ಕೆ ಮೊದಲೇ ಕುದುರೆಗಳನ್ನು ನಡೆಸುವ ಅಂಗಳದ ಕಟಕಟೆಗೆ ಆತು ನಿಲ್ಲುತ್ತಾರೆ. ಸುಮ್ಮನೆ ನಡೆಸುವಾಗಲೇ ಬೆವರಿತೇ, ಹೆಜ್ಜೆ ಉದ್ದಕ್ಕೆ ಬೀಳುತ್ತಿದೆಯೇ, ಬೆಳಿಗ್ಗೆ ಇಟ್ಟ ಹುರುಳಿ ಪೂರ್ತಿ ತಿಂದಿತ್ತೇ, ಎಲ್ಲ ಬೇಕು ಅವರಿಗೆ. ಹೇಳಿದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಗೆಲ್ಲುತ್ತವೆ. ತಾವು ಮಾತ್ರ ಒಂದು ರೂಪಾಯಿಯನ್ನೂ ಕಟ್ಟುವುದಿಲ್ಲ. ಲದ್ದಿ ಬಾಚಿದ ಮನುಷ್ಯನಿಗೆ ಇಷ್ಟೊಂದು ಗತ್ತು ಯಾಕೆ ಎಂದು ನಾನು ಎಷ್ಟೋ ಸಲ ಮನಸ್ಸಿನಲ್ಲೇ ಅಂದುಕೊಂಡಿದ್ದೇನೆ. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯಬೇಕು.

ಮೂರು ವರ್ಷದ ಹಿಂದೆ ನನ್ನ ಮಗಳು ರುದ್ರಾಣಿ ಪೊಲೀಸ್ ಕಾನ್‌ಸ್ಟೆಬಲ್ ಪರೀಕ್ಷೆಯ ಓಟಕ್ಕೆ ತಯಾರಿ ನಡೆಸಿದ್ದಳು. ನಾನೂರು ಮೀಟರ್. ಇನ್ನು ಒಂಬತ್ತೇ ದಿನ ಇತ್ತು. ಅಂದು ಸಂಜೆ ಶಾಲೆಯ ಮೈದಾನದಲ್ಲಿ ಅವಳು ಓಡುತ್ತಿದ್ದಾಗ ಚಿಕ್ಕಮಾದು ಬೇಲಿಯ ಬಳಿ ನಿಂತು ಮೂರು ಸುತ್ತು ನೋಡಿದರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದರು.

"ಮಗ ಎಡಗಾಲ್ ಊರ್ದಾಗ್ಲೆಲ್ಲಾ ತಲೆ ತಗ್ಗುಸ್ತದೆ ಸಾ. ಓಡುಸ್ಬ್ಯಾಡಿ."

"ಎಡಗಾಲಿಗೆ ಏನಾಗಿದೆ?"

"ಎಡಗಾಲ್ ಚೆಂದಾಗದೆ. ನೋಯ್ತಿರದು ಬಲಗಾಲು. ಕುದ್ರೇನೂ ಅಂಗೇಯ, ಭಾರನೆಲ್ಲಾ ಒಳ್ಳೇ ಕಾಲ್ಮ್ಯಾಕೆ ಆಕ್ತದೆ."

ನನಗೆ ಎಲ್ಲಿತ್ತೋ ಸಿಟ್ಟು. "ನನ್ನ ಮಗಳೇನು ನಿಮ್ಮ ಲಾಯದ ಕುದುರೆಯೇ?" ಎಂದು ನಾಲ್ಕು ಜನ ಕೇಳುವಂತೆ ರೇಗಿಬಿಟ್ಟೆ. ಅವರು ಹೆಗಲ ಟವೆಲು ಕೊಡವಿಕೊಂಡು ಹೊರಟುಹೋದರು.

ಬೆಳಗಾದರೆ ನಮ್ಮೂರ ಶಿವುವಿನ ಆಟೋ ತಂದು ಮನೆ ಮುಂದೆ ನಿಲ್ಲಿಸಿದ್ದರು. "ನಂಜನಗೂಡ್ಗೆ ಓಗಿ ಒಂದ್ ಎಕ್ಸ್‌ರೇ ತಗ್ಸದ. ಬಯ್ಯದ್ನ ಬಂದ್ಮೇಲೆ ಬಯ್ಯೀರಂತೆ."

ಬಲ ಮೊಣಕಾಲ ಕೆಳಗಿನ ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು. ಇನ್ನೆರಡು ಸಲ ಜೋರಾಗಿ ಓಡಿದ್ದರೆ ಪೂರ್ತಿ ಮುರಿಯುತ್ತಿತ್ತು ಎಂದರು ಡಾಕ್ಟರು. ನೋವನ್ನು ನಮ್ಮೆಲ್ಲರಿಂದ ಮುಚ್ಚಿಟ್ಟಿದ್ದ ರುದ್ರಾಣಿ ಅಲ್ಲೇ ಅತ್ತಳು. ಆ ಸಲದ ಓಟ ತಪ್ಪಿತು. ವಯಸ್ಸಿನ ಲೆಕ್ಕದಲ್ಲಿ ಅವಳಿಗೆ ಉಳಿದದ್ದು ಇನ್ನೊಂದೇ ಅವಕಾಶ.

ಮೂಳೆ ಕೂಡಿದ ಮೇಲೆ ಚಿಕ್ಕಮಾದು ಅವಳನ್ನು ತಿಂಗಳುಗಟ್ಟಲೆ ಓಡಲು ಬಿಡಲೇ ಇಲ್ಲ. ಗಾಯದ ಕುದುರೆಯನ್ನು ನೀರಿನಲ್ಲಿ ನಡೆಸುವ ಹಾಗೆ, ದಿನಾ ಬೆಳಿಗ್ಗೆ ನಾಲೆಯ ಮೊಣಕಾಲುದ್ದದ ನೀರಿನಲ್ಲಿ ನಡೆಸಿದರು. ನನ್ನ ಹೆಂಡತಿ ಶ್ವೇತ ಕೊಟ್ಟ ರೊಟ್ಟಿ ತಿಂದು, ರುದ್ರಾಣಿ ತಟ್ಟೆಯಲ್ಲಿ ಏನಾದರೂ ಬಿಟ್ಟಿದ್ದಾಳೆಯೇ ಎಂದು ಇಣುಕಿ ನೋಡಿ ಮನೆಗೆ ಹೋಗುತ್ತಿದ್ದರು. ನಾನು ಕ್ಷಮೆ ಕೇಳಿದಾಗ, "ಬುಡಿ ಸಾ, ಕುದ್ರೆ ಒದ್ದಿರದು ಇದ್ಕಿಂತ ಜಾಸ್ತಿ" ಎಂದು ನಕ್ಕರು.

ಕೊನೆಯ ಅವಕಾಶ ಬಂತು. ಮೈಸೂರಿನ ಮೈದಾನದಲ್ಲಿ, ಹಗ್ಗದಾಚೆ ನಾವಿಬ್ಬರೂ ನಿಂತಿದ್ದೆವು. ಹುಡುಗಿಯರು ಸಾಲಾಗಿ ಗೆರೆಯ ಬಳಿ ಬಂದರು. ಎಲ್ಲರ ಕುದುರೆಗೂ ಭವಿಷ್ಯ ಹೇಳಿದವರು, ಇವಳಿಗೂ ಹೇಳಲಿ ಎಂದು, "ನೋಡಿ ಹೇಳಿ ಮಾದಣ್ಣ, ನಮ್ಮವಳು ಹೇಗಿದ್ದಾಳೆ?" ಎಂದೆ.

ತಿರುಗಿದರೆ, ಚಿಕ್ಕಮಾದು ಮೈದಾನಕ್ಕೆ ಬೆನ್ನು ಹಾಕಿ, ಕಣ್ಣು ಬಿಗಿಯಾಗಿ ಮುಚ್ಚಿ ನಿಂತಿದ್ದರು.

"ಕುದ್ರೆ ಆದ್ರೆ ನೋಡ್ಬುಡ್ತಿದ್ದೆ ಸಾ. ನಮ್ ಮಗೀನ ಎಂಗ್ ನೋಡದು?"

ಸೀಟಿ ಊದಿದರು. ನಾನೂ ತಿರುಗಿ, ಕಣ್ಣು ಮುಚ್ಚಿ ಅವರ ಕೈ ಹಿಡಿದುಕೊಂಡೆ. ನಾವಿಬ್ಬರೂ ಆ ಓಟ ನೋಡಲೇ ಇಲ್ಲ. ರುದ್ರಾಣಿ ಏದುಸಿರು ಬಿಡುತ್ತಾ ನಮ್ಮ ಮುಂದೆ ಬಂದು, "ಪಾಸಾದೆ, ಇಬ್ಬರೂ ಕಣ್ಣು ಬಿಡಿ" ಎಂದು ಕೂಗಿದಳು.